ಎರಡೂವರೆಗೂ ನಾಲ್ಕಕ್ಕೂ ನಡುವಿನ ಕಟ್ಟೆ

ಕೆಳಗಿನಕೇರಿ, ತದಡಿಯ ಎದುರು ದಂಡೆ,
ಕುಮಟಾ ತಾಲೂಕು
೧೭ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ತಮ್ಮ ವಿಶ್ವನಾಥಾ,

ನಿನ್ನ ಎದೆಯುರಿ ಈಗ ಹೇಗಿದೆ? ಸಂಕ್ರಾಂತಿಗೆ ಬಂದಾಗ ಕಟ್ಟಿಕೊಟ್ಟ ಮುರುಗಲ ಸಿಪ್ಪೆಯನ್ನು ರೋಹಿಣಿ ದಿನಾ ನೆನೆಹಾಕಿ ಕೊಡುತ್ತಾಳೋ, ಡಬ್ಬಿಯಲ್ಲೇ ಕೂತಿದೆಯೋ? ಅವಳ ಮೊಣಕಾಲಿಗೆ ಕಳಿಸಿದ ಎಣ್ಣೆಯನ್ನು ಹಚ್ಚಿದ ಮೇಲೆ ಫ್ಯಾನಿನ ಕೆಳಗೆ ಕೂರಬೇಡ ಎಂದು ಹೇಳು. ಸುಪ್ರಿಯಾಳ ಹನ್ನೆರಡನೆಯ ಪರೀಕ್ಷೆ ಶುರುವಾಗಿರಬೇಕು. ಅವಳ ಹೆಸರಿನಲ್ಲಿ ಜಟಗ ದೇವರಿಗೆ ಕಾಯಿ ಒಡೆಸಿದ್ದೇನೆ, ಎರಡೂ ಹೋಳು ಚೆಂದ ಬಂದವು, ಹೆದರಬೇಡ ಎನ್ನು. ನಿನ್ನ ಭಾವ ಆರಾಮಿದ್ದಾರೆ. ಮೂರು ವರ್ಷದ ಹಿಂದೆ ಹೊಟ್ಟೆಯ ಆಪರೇಷನ್ ಆದ ಮನುಷ್ಯ ಎಂದರೆ ಯಾರೂ ನಂಬುವುದಿಲ್ಲ, ಬೆಳಗಾದರೆ ಹೊಳೆಪಕ್ಕದ ಗಜನಿ ಗದ್ದೆಯ ಅಂಚಿನಲ್ಲಿ ನಡೆದುಕೊಂಡು ಹೋಗಿ ಕೊಕ್ಕರೆ ಎಣಿಸಿ ಬರುತ್ತಾರೆ. ಈ ಸಲ ಕಗ್ಗದ ಭತ್ತ ಚೆನ್ನಾಗಿ ಬಂದಿತ್ತು. ನಿಮಗೆಂದು ಎರಡು ಚೀಲ ಅಕ್ಕಿ ಮಾಡಿಸಿ ಇಟ್ಟಿದ್ದೇನೆ. ಉಪ್ಪುನೀರಲ್ಲಿ ನಿಂತು ಬೆಳೆದ ಅಕ್ಕಿಯ ಗಂಜಿ ಕುಡಿದರೆ ನಿನ್ನ ಎದೆಯುರಿ ಅರ್ಧ ಹೋಗುತ್ತದೆ.

ಕ್ಷೇಮದ ಮಾತು ಇಲ್ಲಿಗೆ ಸಾಕು. ಮುಂದಿನದನ್ನು ನಿಂತುಕೊಂಡು ಓದಬೇಡ, ಕೂತುಕೊಂಡು ಓದು. ಫೋನು ಇರುವಾಗ ಅಕ್ಕ ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಫೋನು ಮಾಡಿದರೆ ನೀನು "ಅಕ್ಕಾ, ಮೀಟಿಂಗಲ್ಲಿ ಇದ್ದೇನೆ" ಎನ್ನುತ್ತೀಯ, ಇಲ್ಲದಿದ್ದರೆ ನಾನು ಸಿಟ್ಟಿನಲ್ಲಿ ಅತ್ತುಬಿಡುತ್ತೇನೆ. ಕಾಗದವನ್ನು ಮಧ್ಯದಲ್ಲಿ ಕತ್ತರಿಸಲು ಬರುವುದಿಲ್ಲ. ಇವತ್ತೇ ಕುಮಟೆಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಗುರುವಾರದ ಒಳಗೆ ನಿನ್ನ ಕೈಗೆ ಬರಬೇಕು, ಯಾಕೆಂದರೆ ಭಾನುವಾರ ಸಭೆ ಇದೆ.

ಹೊಳೆಯ ಉಪ್ಪುನೀರು ತಡೆಯುವ ಗಜನಿ ಕಟ್ಟೆಯ ಠರಾವಿನ ನಕಲು ಹೋದ ವಾರ ಕೈಗೆ ಬಂತು. ಗದ್ದೆಯವರ ಸಂಘದ ಅಧ್ಯಕ್ಷರು ಯಾರು ಎಂದು ನಿನಗೆ ಗೊತ್ತೇ ಇದೆ, ನಮ್ಮ ಗದ್ದೆಯ ಪಕ್ಕದ ವೆಂಕಟ್ರಮಣಣ್ಣ. ಅದರಲ್ಲಿ ಹೀಗೆ ಬರೆದಿದ್ದಾರೆ, ಒಂದಕ್ಷರ ಬಿಡದೆ ಇಳಿಸಿದ್ದೇನೆ: "ಪುಣೆಯ ವಿಜ್ಞಾನಿ ಶ್ರೀ ವಿಶ್ವನಾಥ ಇವರು ಭೂಮಿ ಎಷ್ಟು ಬಿಸಿಯಾಗುವುದೆಂದು ಖಚಿತವಾಗಿ ಹೇಳಲು ಬರುವುದಿಲ್ಲವೆಂದು ಸಭೆಗೆ ತಿಳಿಸಿದ್ದರಿಂದ, ಎಂಜಿನಿಯರರು ಕೊಟ್ಟ ಮೂರು ನಕ್ಷೆಗಳಲ್ಲಿ ಕಡಿಮೆ ಎತ್ತರದ ನಕ್ಷೆಯನ್ನು ಒಪ್ಪಲಾಗಿದೆ." ಓದಿದವಳೇ ಜಗಲಿಯಲ್ಲಿ ಕೂತುಬಿಟ್ಟೆ. ಕಟ್ಟೆ ಗಿಡ್ಡ ಆದದ್ದಕ್ಕಲ್ಲ, ನಿನ್ನ ಹೆಸರಿನ ಮೇಲೆ ಗಿಡ್ಡ ಆದದ್ದಕ್ಕೆ. ನಾಳೆ ಉಪ್ಪುನೀರು ಕಟ್ಟೆ ಹಾರಿ ಗದ್ದೆಗೆ, ಗದ್ದೆಯಿಂದ ಬಾವಿಗೆ ಬಂದಾಗ ಜನ ಯಾರ ಹೆಸರು ತೆಗೆಯುತ್ತಾರೆ? ಅಧ್ಯಕ್ಷರದ್ದಲ್ಲ, ನಮ್ಮ ಅಪ್ಪನ ಮಗನದ್ದು.

ಸಂಕ್ರಾಂತಿಗೆ ಬಂದಾಗ ಆ ಸಭೆಯಲ್ಲಿ ನಡೆದದ್ದು ನಿನಗೆ ಮರೆತಿರಬಹುದು. ನಾನು ಹೆಂಗಸರ ಸಾಲಿನಲ್ಲಿ, ಅಡುಗೆಯ ಗಂಗಿಯ ಪಕ್ಕದಲ್ಲಿ ಕೂತಿದ್ದೆ. ನೀನು ಎಷ್ಟು ಚೆಂದ ಹೇಳಿದೆ! ಕಾರ್ಖಾನೆಗಳು ಬರುವ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇನ್ನೂರ ಎಂಬತ್ತು ಪಾಲು ಇದ್ದ ಇಂಗಾಲದ ಗಾಳಿ ಈಗ ನಾನೂರ ಇಪ್ಪತ್ತು ದಾಟಿದೆ, ಅದು ಐನೂರ ಅರವತ್ತಾಗಿ ದುಪ್ಪಟ್ಟಾದರೆ ಭೂಮಿ ಕೊನೆಗೆ ಎಷ್ಟು ಡಿಗ್ರಿ ಬಿಸಿಯಾಗಿ ನಿಲ್ಲುತ್ತದೆ ಎಂದು ಹುಡುಕುವುದೇ ನನ್ನ ಕೆಲಸ ಎಂದೆ. ಅಲ್ಲಿಯವರೆಗೆ ಕೇರಿಯವರೆಲ್ಲ ನಿನ್ನನ್ನು ಟೀವಿಯಲ್ಲಿ ನಾಳೆಯ ಮಳೆ ಹೇಳುವವನು ಎಂದೇ ತಿಳಿದಿದ್ದರು. ಹಪ್ಪಳ ಹಾಕುವ ಹಿಂದಿನ ದಿನ "ನಿನ್ ತಮ್ಮಗೆ ಒಂದು ಫೋನ್ ಹೊಡಿಯೇ ದೇವಿ" ಎಂದು ಗಂಗಿ ಎಷ್ಟು ಸಲ ನನ್ನನ್ನು ಕಾಡಿಲ್ಲ!

ನೂರೈವತ್ತು ವರ್ಷದಿಂದ ಬರೆದಿಟ್ಟ ಬಿಸಿಲಿನ ಅಳತೆ ನೋಡುತ್ತೇವೆ, ಹಿಂದಿನ ಹಿಮದ ಕಾಲದಲ್ಲಿ ಏನಾಗಿತ್ತು ಎಂದು ನೋಡುತ್ತೇವೆ, ಮೋಡಗಳನ್ನು ನೋಡುತ್ತೇವೆ ಎಂದು ನೀನು ಹೇಳಿದೆ. ಮೋಡವೇ ಕಷ್ಟ ಎಂದೆ. ಸಮುದ್ರದ ಮೇಲಿನ ಕೆಳಮಟ್ಟದ ಬಿಳಿ ಮೋಡ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಬಿಸಿ ಏರಿದ ಹಾಗೆ ಆ ಮೋಡ ತೆಳುವಾದರೆ ಬಿಸಿಲು ಇನ್ನೂ ಬೀಳುತ್ತದೆ, ಎಷ್ಟು ತೆಳುವಾಗುತ್ತದೆ ಎಂಬುದರ ಮೇಲೆ ಉತ್ತರ ಮೇಲೆ ಕೆಳಗೆ ಆಗುತ್ತದೆ. ಎಲ್ಲ ಕೂಡಿಸಿ ನೋಡಿದರೆ ಎರಡೂವರೆಯಿಂದ ನಾಲ್ಕು ಡಿಗ್ರಿ, ನಡುವಿನ ಮೂರು ಹೆಚ್ಚು ಸರಿ ಎನ್ನಿಸುತ್ತದೆ ಎಂದೆ. ಏಳನೇ ಇಯತ್ತೆ ಓದಿದ ನನಗೇ ಅರ್ಥವಾಯಿತು. ಹಪ್ಪಳ ಒಣಗಿಸಿದವರಿಗೆ ಮೋಡದ ಬೆಲೆ ಹೇಳಿಕೊಡಬೇಕಾಗಿಲ್ಲ.

ಆಗ ಎದ್ದರು ನೋಡು ವೆಂಕಟ್ರಮಣಣ್ಣ. "ಎರಡೂವರೇನೂ ಆಗ್ಬಹುದು, ನಾಕೂ ಆಗ್ಬಹುದು. ಅಂದ್ರೆ ಎಂತ ಆತು? ಗೊತ್ತಿಲ್ಲ ಅಂತಾತು! ಇಷ್ಟು ಹೇಳೂಕೆ ಪುಣೆಗೆ ಹೋಗಿ ಓದ್ಬೇಕಿತ್ತಾ ಮಾರಾಯ?" ಸಭೆ ನಕ್ಕಿತು. ನೀನೂ ನಕ್ಕೆ. ಆಮೇಲೆ ಯಾರೋ ಕೇಳಿದರು, ಮೊದಲು ನಾಲ್ಕೂವರೆ ಎನ್ನುತ್ತಿದ್ದರಂತೆ, ಈಗ ನಾಲ್ಕಕ್ಕೆ ಇಳಿದಿದ್ದಾರಂತೆ, ಹೌದೋ ಎಂದು. ನೀನು ಹೌದು ಎಂದೆ. "ಹಂಗಾರೆ ವರ್ಷ ಹೋದ ಹಾಂಗೆ ಕಮ್ಮಿನೇ ಆಗ್ತದೆ, ನಮ್ಮ ಮಕ್ಕಳ ಕಾಲಕ್ಕೆ ಒಂದಕ್ಕೆ ಬರ್ತದೆ ಬಿಡಿ" ಎಂದು ಅಧ್ಯಕ್ಷರು ಕೈ ಜಾಡಿಸಿದರು. ನೀನು ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಚಾ ಬಂತು, ಕೂತುಬಿಟ್ಟೆ.

ಆ ಅರ್ಧ ತೆರೆದ ಬಾಯಿಯೇ ನನ್ನನ್ನು ಸುಡುತ್ತಿರುವುದು. ಅವತ್ತು ಸಂಜೆ ಮೀನು ಪಳದಿ ಉಣ್ಣುತ್ತ ನನಗೆ ಎಂತ ಹೇಳಿದೆ? ನಿಮ್ಮ ವಿಜ್ಞಾನದ ದೊಡ್ಡವರು ಒಟ್ಟಿಗೆ ಕೂತು ಇಷ್ಟರಿಂದ ಇಷ್ಟು ಎಂದು ಮೊದಲ ಸಲ ಹೇಳಿದ್ದು ೧೯೭೯ರಲ್ಲಿ, ಆಗ ಒಂದೂವರೆಯಿಂದ ನಾಲ್ಕೂವರೆ ಎಂದಿದ್ದರು. ನಲವತ್ತು ವರ್ಷ ಜಗತ್ತಿನ ಬುದ್ಧಿವಂತರೆಲ್ಲ ಕೂತು ಅಳೆದ ಮೇಲೆ ಮೇಲಿನ ತುದಿ ಅರ್ಧ ಡಿಗ್ರಿ ಇಳಿಯಿತು, ಕೆಳಗಿನ ತುದಿ ಒಂದು ಡಿಗ್ರಿ ಏರಿತು. ಒಂದೂವರೆ ಹೋಯಿತು, ಎರಡೂ ಹೋಯಿತು. ಅಕ್ಕಾ, ಕಡಿಮೆ ಬಿಸಿಯಾದೀತು ಎಂಬ ಆಸೆ ಇತ್ತಲ್ಲ, ಅದೇ ಹೆಚ್ಚು ಕರಗಿದ್ದು ಎಂದು ನೀನೇ ಹೇಳಿದೆ, ಹೇಳುವಾಗ ತುತ್ತು ಕೈಯಲ್ಲೇ ಇತ್ತು. ಈ ಮಾತನ್ನು ನನ್ನ ಅಡುಗೆಮನೆಯಲ್ಲಿ ಹೇಳಿದರೆ ಯಾರಿಗೆ ಬಂತು? ಕಟ್ಟೆ ಕಟ್ಟುವುದು ನನ್ನ ಅಡುಗೆಮನೆಗೋ? ನಾಲ್ಕೂವರೆ ನಾಲ್ಕಾದದ್ದನ್ನು ಸಭೆ ಕೇಳಿಸಿಕೊಂಡಿತು. ಒಂದೂವರೆ ಎರಡೂವರೆ ಆದದ್ದು ಯಾರ ಕಿವಿಗೂ ಬೀಳಲಿಲ್ಲ. ಬೀಳಿಸಬೇಕಾದವನು ಚಾ ಕುಡಿಯುತ್ತಿದ್ದ.

ನೀನು ಹೋದ ಮೇಲೆ ಎಂಜಿನಿಯರ್ ಸಾಹೇಬರು ಮತ್ತೆ ಬಂದು, ಹೊಳೆಬಾಗಿಲ ಹತ್ತಿರ ಜಟಗ ದೇವರ ಕಲ್ಲುಕಂಬದ ರಸ್ತೆಕಡೆಯ ಮುಖದ ಮೇಲೆ ಕೆಂಪು ಗೆರೆ ಎಳೆದರು, ಕಟ್ಟೆ ಇಲ್ಲಿಯವರೆಗೆ ಎಂದು. ಅವರು ಕೆಟ್ಟ ಮನುಷ್ಯರಲ್ಲ. ಡಿಗ್ರಿಯನ್ನು ಹಾಗೇ ಅಡಿ ಮಾಡಲು ಬರುವುದಿಲ್ಲ, ಸಮುದ್ರ ನಿಧಾನಕ್ಕೆ ಏರುವಂಥದ್ದು ಎಂದು ನೀನು ಹೇಳಿದ್ದನ್ನೇ ಅವರೂ ಹೇಳಿದರು. ಅದಕ್ಕೇ ಬಿಸಿ ಕಡಿಮೆಯಾದರೆ ಒಂದು, ನಡುವೆ ನಿಂತರೆ ಒಂದು, ಹೆಚ್ಚಾದರೆ ಒಂದು ಎಂದು ಮೂರು ನಕ್ಷೆ ಮಾಡಿದ್ದೇನೆ, ಆರಿಸುವುದು ಊರಿನವರು ಎಂದರು. ಎತ್ತರದ ಕಟ್ಟೆಗೆ ಅಡಿಯೂ ಅಗಲ ಬೇಕು, ಅಂಚಿನ ಗದ್ದೆಗಳು ಎಂಟು ಹೆಜ್ಜೆ ಒಳಗೆ ಸರಿಯಬೇಕು. ಅಂಚಿನ ಗದ್ದೆ ಯಾರದ್ದು? ವೆಂಕಟ್ರಮಣಣ್ಣನದ್ದು, ನಮ್ಮದು, ಇನ್ನು ನಾಲ್ಕು ಮನೆಯವರದ್ದು. ಅಧ್ಯಕ್ಷರಿಗೆ ವಿಜ್ಞಾನ ಬೇಕಾಗಿದ್ದು ಅಷ್ಟಕ್ಕೆ, ಎಂಟು ಹೆಜ್ಜೆ ಉಳಿಸಲಿಕ್ಕೆ.

ನಾನು ಸುಮ್ಮನೆ ಕೂತಿಲ್ಲ. ಹೋದ ಶುಕ್ರವಾರ ದೇವಸ್ಥಾನದ ಅಂಗಳದಲ್ಲೇ ಅವರನ್ನು ಹಿಡಿದೆ. ಶಿವರಾತ್ರಿಯ ಮರುದಿನ ದೇವರ ಊಟಕ್ಕೆ ಎಷ್ಟು ಅಕ್ಕಿ ಹಾಕುವುದು ಎಂದು ಗಂಗಿ ಕೇಳುತ್ತಿದ್ದಳು. "ಇನ್ನೂರೈವತ್ತು ಜನ ಬಂದ್ರೂ ಬರ್ಬಹುದು, ನಾನೂರೂ ಆಗ್ಬಹುದು, ನಾನೂರಕ್ಕೇ ಹಾಕು, ದೇವರ ಎದುರು ಬಂದವ ಹಸಿದು ಹೋಗೂಕಾಗ" ಎಂದು ಅವರು ಹೇಳಿದ್ದು ನನ್ನ ಈ ಎರಡು ಕಿವಿಯಿಂದ ಕೇಳಿದೆ. "ಹೌದನ ವೆಂಕಟ್ರಮಣಣ್ಣ, ಎಷ್ಟು ಜನ ಅಂತ ಖಚಿತ ಇಲ್ವಲ್ಲ, ಖಚಿತ ಇಲ್ಲದಿದ್ರೆ ಇನ್ನೂರೈವತ್ತಕ್ಕೇ ಹಾಕ್ಬೇಕಲ್ಲ, ನಿಮ್ಮ ಠರಾವು ಹಾಂಗೇ ಹೇಳ್ತದೆ" ಎಂದೆ. ಗಂಗಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅವರ ಮುಖ ಕೆಂಪಾಯಿತು. "ಅನ್ನ ಹೆಚ್ಚಾದ್ರೆ ದನಕ್ಕೆ ಹಾಕ್ಬಹುದು ಮಾರಾಯ್ತಿ, ಕಟ್ಟೆ ಹೆಚ್ಚಾದ್ರೆ ಎಂತ ಮಾಡೂದು?" ಎಂದರು. ಅದರ ಮೇಲೆ ಕೂತು ನಿಮ್ಮ ಮೊಮ್ಮಕ್ಕಳು ಗಾಳ ಹಾಕಲಿ ಎಂದೆ. ಕೊನೆಗೆ ಅವರು ಹೇಳಿದ್ದು ಇದು: "ನಿನ್ನ ತಮ್ಮ ಎದ್ದು ನಿಂತು ನಾಕು ಅಂತ ಇಟ್ಕೊಳ್ಳಿ ಅಂದಿದ್ರೆ ನಾನು ಬೇಡ ಅಂತಿದ್ನಾ? ಅವನೇ ಅನ್ನಲಿಲ್ಲ. ನಿಂದೆಂತ ನಡುವೆ?"

ಅದಕ್ಕೇ ಶನಿವಾರ ಫೋನು ಮಾಡಿದ್ದು. ಆಗ ನೀನು ಏನೆಂದೆ? "ಅಕ್ಕಾ, ನಮ್ಮ ಕೆಲಸ ಅಂಕಿ ಕೊಡೂದು. ಕಟ್ಟೆ ಎಷ್ಟು ಎತ್ತರ ಇರ್ಬೇಕು ಅಂತ ಹೇಳೂಕೆ ನಾನು ಯಾರು?" ಇದನ್ನು ಕೇಳಿದಾಗಿನಿಂದ ನನಗೆ ಸರಿಯಾಗಿ ಊಟ ಸೇರಿಲ್ಲ. ನೀನು ಯಾರು ಎಂದು ನಾನು ಹೇಳುತ್ತೇನೆ. ನೀನು ಒಂದನೇ ಇಯತ್ತೆಗೆ ಹೋದ ವರ್ಷ ಅಮ್ಮ ಹಾಸಿಗೆ ಹಿಡಿದಳು, ಮನೆಯಲ್ಲಿ ಒಬ್ಬರು ಇರಬೇಕಾಯಿತು. ಶಾಲೆಯ ದುರ್ಗಮ್ಮ ಅಕ್ಕೋರು ನಮ್ಮ ಅಂಗಳಕ್ಕೆ ಬಂದು, ದೇವಿ ಲೆಕ್ಕದಲ್ಲಿ ಜಾಣೆ, ಅವಳನ್ನು ಬಿಡಿಸಬೇಡಿ ಎಂದು ಅಪ್ಪನಿಗೆ ಕೈ ಮುಗಿದರು. ಆದರೂ ಬಿಡಿಸಿದರು. ನಿನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು, ಜಾರುವ ಈ ಕಟ್ಟೆಯ ಮೇಲೆ ನಡೆದು ಶಾಲೆಯ ಬಾಗಿಲಿಗೆ ಬಿಟ್ಟು ಬರುತ್ತಿದ್ದೆ. ಒಳಗೆ ಲೆಕ್ಕ ಹೇಳಿಕೊಡುವುದು ಹೊರಗೆ ಕೇಳುತ್ತಿತ್ತು, ನಾನು ತಿರುಗಿ ಬರುತ್ತಿದ್ದೆ. ಇದನ್ನು ಹಂಗಿಸಲು ಬರೆಯುತ್ತಿಲ್ಲ, ದೇವರಾಣೆ. ನನ್ನ ಪಾಲಿನದೂ ಸೇರಿ ಈ ಮನೆಯ ಲೆಕ್ಕವೆಲ್ಲ ನಿನ್ನ ಕೈಗೆ ಬಂತು, ಅದನ್ನು ಬಾಯಿಬಿಟ್ಟು ಹೇಳು ಎಂದು ಬರೆಯುತ್ತಿದ್ದೇನೆ. ಅಳೆದವನು ಸುಮ್ಮನಿದ್ದರೆ ಅಳೆಯದವನು ಮಾತಾಡುತ್ತಾನೆ, ಆಡಿದ್ದನ್ನು ಠರಾವಿನಲ್ಲಿ ಬರೆದೂ ಬಿಡುತ್ತಾನೆ, ನಿನ್ನ ಹೆಸರು ಹಾಕಿ.

ಸುಳ್ಳು ಹೇಳು ಎಂದು ನಾನು ಹೇಳುತ್ತಿಲ್ಲ. ನಾಲ್ಕೇ ಆಗುತ್ತದೆ ಎಂದು ದೇವರ ಎದುರು ಹೇಳಬೇಡ, ಅದು ಪಾಪ. ನನ್ನ ಹತ್ತಿರ ಹೇಳಿದ್ದನ್ನೇ ಹೇಳು: ಎರಡೂವರೆಯಿಂದ ನಾಲ್ಕು ಎಂದರೆ ಗೊತ್ತಿಲ್ಲ ಎಂದಲ್ಲ, ಎರಡೂವರೆಗಿಂತ ಕಡಿಮೆಯಾಗುವ ಭಾಗ್ಯ ನಮಗೆ ಸಿಗುವುದು ಕಷ್ಟ ಎಂದು ಅರ್ಥ, ನಾಲ್ಕನ್ನು ದಾಟಿದರೂ ದಾಟೀತು ಎಂದು ಅರ್ಥ. ಗಾಳಿಗೆ ಹೊಗೆ ಬಿಡುವುದನ್ನು ಎಲ್ಲರೂ ನಿಲ್ಲಿಸಿದರೆ ದುಪ್ಪಟ್ಟು ಆಗದೆಯೂ ಇರಬಹುದು, ಅದನ್ನೂ ಹೇಳು. ಹೊಗೆ ಬಿಟ್ಟವರು ಯಾರೋ, ಗದ್ದೆಗೆ ಉಪ್ಪು ಬರುವುದು ನಮಗೆ. ಅದು ನನಗಿರುವ ಇನ್ನೊಂದು ಸಿಟ್ಟು, ಅದಕ್ಕೆ ಬೇರೆಯೇ ಕಾಗದ ಬೇಕು. ನಮ್ಮ ಎಂಟು ಹೆಜ್ಜೆ ಗದ್ದೆ ಬಿಡಲು ನಿನ್ನ ಭಾವ ಒಪ್ಪಿದ್ದಾರೆ. "ನನ್ನ ಹೊಟ್ಟೆಯನ್ನೇ ಕೊಯ್ದು ತೆಗ್ದ್ರು, ಗದ್ದೆ ಎಂತ ದೊಡ್ದು" ಎಂದರು. ಶಿವರಾತ್ರಿ ಮುಗಿದ ಮೇಲೆ ಜೆಸಿಬಿ ಬರುತ್ತದೆ. ಭಾನುವಾರದ ಸಭೆಯಲ್ಲಿ ಠರಾವು ಬದಲಾಗದಿದ್ದರೆ ಮತ್ತೆ ಆಗುವುದಿಲ್ಲ, ಇನ್ನು ಐವತ್ತು ವರ್ಷ ಈ ಕೇರಿಗೆ ಅದೇ ಕಟ್ಟೆ.

ಬರುವಾಗ ಎದೆಯುರಿಯ ಮಾತ್ರೆ ಮರೆಯಬೇಡ. ಶನಿವಾರ ರೈಲು ಕುಮಟೆಗೆ ಬರುವ ಹೊತ್ತು ತಿಳಿಸಿದರೆ ನಿನ್ನ ಭಾವ ರಿಕ್ಷಾ ತಕ್ಕೊಂಡು ಬಂದು ನಿಲ್ಲುತ್ತಾರೆ. ಜಟಗ ದೇವರು ನಿನ್ನ ನಾಲಿಗೆಗೂ ನಿನ್ನ ಹೊಟ್ಟೆಗೂ ಒಳ್ಳೆಯದು ಮಾಡಲಿ. ರೋಹಿಣಿಗೂ ಮಗಳಿಗೂ ನನ್ನ ಪ್ರೀತಿ ಹೇಳು. ಸಿಟ್ಟಿನಲ್ಲಿ ಬರೆದದ್ದಕ್ಕೆ ಕ್ಷಮಿಸು ಎಂದು ಬರೆಯಬೇಕಂತೆ, ನಾನು ಬರೆಯುವುದಿಲ್ಲ.

ನಿನ್ನನ್ನು ಹೊತ್ತವಳು,
ಅಕ್ಕ ದೇವಿ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ಬಿಚ್ಚಿದ್ದೇನೆ. ನಿನಗೆ ಇಷ್ಟು ಬೈದು, ನನ್ನದನ್ನು ಬರೆಯದೆ ಕಳಿಸಿದರೆ ದೇವರು ಮೆಚ್ಚುವುದಿಲ್ಲ. ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸಭೆಯ ದಿನ ಎಂಜಿನಿಯರ್ ಸಾಹೇಬರು, ಹಿಂದೆ ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂದು ಗುರುತು ಇದೆಯೋ ಎಂದು ಕೇಳಿದರು. ನೀನು ನನ್ನ ಕಡೆ ತಿರುಗಿ, "ಅಕ್ಕಾ, ಕಂಬದ ಮೇಲೆ ಅಪ್ಪ ಹಾಕಿದ ಗೀರು ಇದ್ವಲ್ಲ?" ಎಂದೆ. ನಾನು, ಮಳೆಗೆ ಅಳಿಸಿಹೋದವು ಎಂದೆ. ಅದು ಸುಳ್ಳು. ನಿನ್ನ ಭಾವನ ಆಪರೇಷನ್ ಆದಾಗ, ಉಳಿದು ಬಂದರೆ ನಿನ್ನ ಕಂಬಕ್ಕೆ ಸಿಮೆಂಟು ಬಳಿಸಿ ಹಳದಿ ಬಣ್ಣ ಹಚ್ಚಿಸುತ್ತೇನೆ ಎಂದು ಜಟಗನಿಗೆ ಹರಕೆ ಹೊತ್ತಿದ್ದೆ, ಹಚ್ಚಿಸಿದೆ. ವರ್ಷವರ್ಷ ನೂಲಹುಣ್ಣಿಮೆಯ ದಿನ ಹೊಳೆಗೆ ಕಾಯಿ ಬಿಟ್ಟು, ಮಧ್ಯಾಹ್ನದ ಭರತಕ್ಕೆ ಸಮುದ್ರ ಉಕ್ಕಿ ನೀರು ತುಂಬಿ ನಿಂತಲ್ಲಿ ಅಪ್ಪ ಕತ್ತಿಯ ತುದಿಯಿಂದ ಎಳೆದ ಗೀರು, ಅಪ್ಪ ಹೋದ ಮೇಲೆ ನಾನು ಎಳೆದದ್ದು, ಎಲ್ಲ ಅದರ ಒಳಗೆ ಹೋದವು. ಬಳಿಸುವಾಗ ನನಗೆ ಹೊಳೆಯಲೇ ಇಲ್ಲ, ದೇವರಿಗೆ ಚೆಂದ ಕಂಡರೆ ಸಾಕು ಎನ್ನಿಸಿತ್ತು. ಸಭೆಯಲ್ಲಿ ಹೇಳಿದ್ದರೆ ಹರಕೆಯ ಸಿಮೆಂಟು ಕೆತ್ತಬೇಕಾಗುತ್ತಿತ್ತು. ಕೆತ್ತಿದರೆ ನಿನ್ನ ಭಾವನಿಗೆ ಏನಾದರೂ ಆದೀತೆಂದು ಹೆದರಿದೆ. ನೀನು ಚಾ ಕುಡಿದು ಸುಮ್ಮನಾದೆ, ನಾನು ದೇವರ ಹೆಸರಿನಲ್ಲಿ ಸುಮ್ಮನಾದೆ.

ಇವತ್ತು ಬೆಳಿಗ್ಗೆ ಜಟಗನ ಹತ್ತಿರ ಹೂವಿನ ಪ್ರಸಾದ ಕೇಳಿದೆ. ಬಲಕ್ಕೆ ಬಿತ್ತು, ಅಪ್ಪಣೆ ಸಿಕ್ಕಿತು. ಗಾರೆ ಕೆಲಸದ ಸಣ್ಣನನ್ನು ಕರೆದು ಹೊಳೆಕಡೆಯ ಮುಖವೊಂದನ್ನೇ ಕೆತ್ತಿಸಿದೆ. ಕಲ್ಲು ಗಟ್ಟಿ ಇದೆ. ನಲವತ್ತೊಂದರಲ್ಲಿ ಮೂವತ್ತೆರಡು ಗೀರು ಕಾಣುತ್ತವೆ. ಎಲ್ಲಕ್ಕಿಂತ ಮೊದಲನೆಯದರ ಪಕ್ಕ 'ವಿ' ಇದೆ. ನೀನು ಹುಟ್ಟಿದ ವರ್ಷ ನಾನು ಇದ್ದಿಲಿನಲ್ಲಿ ಬರೆದು ತೋರಿಸಿದ್ದೆ, ಓದುಬರಹ ಇಲ್ಲದ ಅಪ್ಪ ಅದರ ಮೇಲೇ ಕೆತ್ತಿದ್ದ. ನಿಮ್ಮ ದೊಡ್ಡವರು ಆ ಒಂದೂವರೆಯ ಲೆಕ್ಕ ಹೇಳಿದ ಎರಡೇ ವರ್ಷಕ್ಕೆ ಹಾಕಿದ ಗೀರು ಅದು. ಗೀರು ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ ಇವೆ. ಆದರೆ ನಾನು ಎಳೆದ ಆರರಲ್ಲಿ ಐದು, ಅಪ್ಪನ ಎಲ್ಲ ಗೀರಿಗಿಂತ ಮೇಲಿವೆ. ನನ್ನ ಎಲ್ಲಕ್ಕಿಂತ ಮೇಲಿನ ಗೀರಿಗೂ ಅವರ ಕೆಂಪು ಗೆರೆಗೂ ದಾರ ಹಿಡಿದು ನೋಡಿದೆ, ಗೆರೆ ಮೇಲಿರುವುದು ನಾಲ್ಕೇ ಬೆರಳು. ಅದೂ ಗಾಳಿಯಿಲ್ಲದ ದಿನದ ನೀರು. ಒಂದು ಕಂಬ ಜಗತ್ತಲ್ಲ ಅಕ್ಕಾ ಎಂದು ನೀನು ಹೇಳುತ್ತೀಯ, ಗೊತ್ತು. ಕಟ್ಟೆಯನ್ನೂ ಜಗತ್ತಿಗೆ ಕಟ್ಟುತ್ತಿಲ್ಲ, ಈ ಕಂಬದ ಪಕ್ಕದಲ್ಲೇ ಕಟ್ಟುವುದು. ಭಾನುವಾರ ಸಭೆಯಲ್ಲಿ ಮೊದಲು ನಾನು ಎದ್ದು ನನ್ನ ಸುಳ್ಳು ಹೇಳುತ್ತೇನೆ, ವೆಂಕಟ್ರಮಣಣ್ಣ ಎಷ್ಟು ಬೇಕಾದರೂ ನಗಲಿ. ಅವರು ನಕ್ಕು ಮುಗಿಸಿದ ಮೇಲೆ ನೀನು ಏಳಬೇಕು. ಚಾ ಬಂದರೂ ಕೂರಬಾರದು.